ಕುಟುಕದ ಜೇನಿಗೂ ಒಂದು ಚರಿತ್ರೆ

ಜಾಲಹಳ್ಳಿ, ಯಲಹಂಕ, ಹೆಬ್ಬಾಳದ ಕಡೆ ಹಳೆಯ ಕಲ್ಲಿನ ಕಾಂಪೌಂಡ್ ಗೋಡೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ಸಂದಿಗಳನ್ನು ಕಣ್ಣಿಟ್ಟು ನೋಡಿದರೆ ಕೆಲವೆಡೆ ಬೆರಳು ಗಾತ್ರದ, ಒಂದೆರಡು ಅಂಗುಲ ಉದ್ದದ ಕಂದು ಬಣ್ಣದ ಕೊಳವೆಯೊಂದು ಹೊರಚಾಚಿರುವುದು ಕಾಣುತ್ತದೆ. ಅದರ ಬಾಯಿಯ ಸುತ್ತ ಸಣ್ಣ ಕಪ್ಪು ಹುಳುಗಳು ಕಾವಲು ನಿಂತಿರುತ್ತವೆ. ಇರುವೆಗೆ ರೆಕ್ಕೆ ಬಂದಿದೆಯೇನೋ ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ಗೋಡೆಗೆ ಬಣ್ಣ ಬಳಿಯಲು ಬಂದವರು ಆ ಕೊಳವೆಯನ್ನು ಕೊಳೆಯೆಂದು ತಿಳಿದು ಕೆರೆದುಹಾಕುತ್ತಾರೆ. ಸಂದಿಗೆ ಸಿಮೆಂಟ್ ಮೆತ್ತುತ್ತಾರೆ.

ಅದು ಕೊಳೆಯಲ್ಲ, ಒಂದು ಜೇನು ಕುಟುಂಬದ ಹೆಬ್ಬಾಗಿಲು. ಗೋಡೆಯ ಪೊಳ್ಳಿನೊಳಗೆ ರಾಣಿ, ಸಾವಿರಾರು ಕೆಲಸಗಾರ್ತಿಯರು, ಮರಿಗಳು, ತುಂಬಿದ ಜೇನಿನ ಕುಡಿಕೆಗಳು ಇರುತ್ತವೆ. ಈ ಜೇನು ಕುಟುಕುವುದಿಲ್ಲ. ಕುಟುಕುವ ಕೊಂಡಿ ಇದಕ್ಕೆ ಹೆಸರಿಗಷ್ಟೇ ಉಳಿದಿದೆ, ಉಪಯೋಗಕ್ಕೆ ಬಾರದು.

ಇದೇ ಬಳಗದ ಮತ್ತೊಂದು ಜೇನು ಭೂಮಿಯ ಆಚೆ ಬದಿಯ ಮೆಕ್ಸಿಕೊದಲ್ಲಿ ಒಂದು ಕಾಲಕ್ಕೆ ದೇವರ ಆಸ್ತಿಯಾಗಿತ್ತು. ಅಲ್ಲಿನ ಮಾಯಾ ಜನರು ಅದಕ್ಕಾಗಿ ಹಬ್ಬ ಮಾಡುತ್ತಿದ್ದರು, ತಮ್ಮ ಪಂಚಾಂಗದ ಗ್ರಂಥದಲ್ಲಿ ಅದಕ್ಕೆಂದೇ ಪುಟಗಳನ್ನು ಮೀಸಲಿಟ್ಟಿದ್ದರು. ಇಂದು ಆ ಸಂಪ್ರದಾಯವನ್ನು ಉಳಿಸಿಕೊಂಡಿರುವ ಜೇನುವನಗಳನ್ನು ಪ್ರವಾಸಿಗರು ಹಣ ಕೊಟ್ಟು ನೋಡಿ ಬರುತ್ತಾರೆ. ನಮ್ಮ ಜೇನಿಗೆ ಮಾತ್ರ ಗೋಡೆಯ ಸಂದಿಯೇ ಗತಿ. ಒಂದಕ್ಕೆ ಅಷ್ಟು ಮನ್ನಣೆ, ಇನ್ನೊಂದಕ್ಕೆ ಇಷ್ಟು ಮರೆವು ಏಕೆ? ಅಷ್ಟು ಮನ್ನಣೆ ಪಡೆದ ಜೇನಿಗೆ ಕೊನೆಗೆ ಏನಾಯಿತು? ಈ ಎರಡು ಚರಿತ್ರೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಕೇವಲ ಕುತೂಹಲದ ವಿಷಯವಲ್ಲ. ನಮ್ಮ ಗೋಡೆಯ ಜೇನಿನ ಮುಂದಿನ ದಾರಿಯೂ ಅದರಲ್ಲಿ ಅಡಗಿದೆ.

ಹಲವು ಹೆಸರಿನ ಹುಳು

ಕನ್ನಡ ನಾಡಿನಲ್ಲಿ ಈ ಜೇನಿಗೆ ಒಂದೇ ಹೆಸರಿಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಇದು ಮುಜಂಟಿ. ಉತ್ತರ ಕನ್ನಡ ಮತ್ತು ಮಲೆನಾಡಿನಲ್ಲಿ ಮಿಸ್ರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಯಲ್ಲಿ ನೆಸರಿ. ಹೆಜ್ಜೇನು, ತುಡುವೆ, ಕೋಲುಜೇನುಗಳ ಜೊತೆ ಇದನ್ನೂ ಸೇರಿಸಿ ನಾಲ್ಕು ಬಗೆಯ ಜೇನೆಂದು ಕಾಡಿನವರು ಎಣಿಸುತ್ತಾರೆ. ವಿಜ್ಞಾನಿಗಳ ಲೆಕ್ಕದಲ್ಲಿ ಇದು ಉಳಿದ ಮೂರಕ್ಕೂ ದೂರದ ನೆಂಟ ಮಾತ್ರ.

ಇದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 1854ರಲ್ಲಿ. ಸಿಂಹಳದಿಂದ ಹೋದ ಮಾದರಿಯನ್ನು ನೋಡಿ ಫ್ರೆಡರಿಕ್ ಸ್ಮಿತ್ ಎಂಬ ಇಂಗ್ಲಿಷ್ ಕೀಟತಜ್ಞ ಇದನ್ನು ‘ಇರಿಡಿಪೆನ್ನಿಸ್’ ಎಂದು ಕರೆದ. ಕಾಮನಬಿಲ್ಲಿನ ಬಣ್ಣದ ರೆಕ್ಕೆಯುಳ್ಳದ್ದು ಎಂದು ಅದರ ಅರ್ಥ. ಬಿಸಿಲಿಗೆ ಹಿಡಿದು ನೋಡಿದರೆ ಆ ಪುಟ್ಟ ರೆಕ್ಕೆಯಲ್ಲಿ ಬಣ್ಣಗಳು ಮಿನುಗುವುದು ನಿಜ. ಬಹುಕಾಲ ‘ಟ್ರೈಗೋನಾ’ ಎಂಬ ಕುಲದಲ್ಲಿದ್ದ ಇದು ಈಗ ‘ಟೆಟ್ರಾಗೊನುಲಾ’ ಕುಲಕ್ಕೆ ಸೇರಿದೆ. 2013ರಲ್ಲಿ ಪ್ರಕಟವಾದ ಪಟ್ಟಿಯೊಂದು ಭಾರತ ಉಪಖಂಡದಲ್ಲಿ ಇಂಥ ಕುಟುಕದ ಜೇನಿನ 8 ಪ್ರಭೇದಗಳನ್ನು ಗುರುತಿಸಿತು. ಆಮೇಲೆ ಇನ್ನೂ ಕೆಲವು ಸೇರಿವೆ. ಜಗತ್ತಿನ ಉಷ್ಣವಲಯದಲ್ಲೆಲ್ಲ ಸೇರಿ ಇವುಗಳ ಪ್ರಭೇದಗಳು 500ಕ್ಕೂ ಹೆಚ್ಚು.

ಗೂಡಿನ ರಚನೆಯೇ ಬೇರೆ. ತುಡುವೆಯಂತೆ ಇದು ಆರು ಮೂಲೆಯ ಕೋಣೆಗಳ ಎರಿ ಕಟ್ಟುವುದಿಲ್ಲ. ತನ್ನ ಮೈಯಿಂದ ಬರುವ ಮೇಣಕ್ಕೆ ಮರಗಳಿಂದ ತಂದ ಅಂಟನ್ನು ಬೆರೆಸಿ, ಆ ಕಂದು ಮಿಶ್ರಣದಿಂದ ಸಣ್ಣ ಸಣ್ಣ ಕುಡಿಕೆಗಳನ್ನು ಮಾಡುತ್ತದೆ. ಜೇನಿಗೆ ಬೇರೆ ಕುಡಿಕೆ, ಪರಾಗಕ್ಕೆ ಬೇರೆ ಕುಡಿಕೆ. ಮೊಟ್ಟೆಗಳಿಗೆ ದ್ರಾಕ್ಷಿ ಗೊಂಚಲಿನಂಥ ಕೋಶಗಳು. ಪ್ರತಿ ಕೋಶಕ್ಕೂ ಮರಿಗೆ ಬೇಕಾದಷ್ಟು ಆಹಾರವನ್ನು ಮೊದಲೇ ತುಂಬಿ, ರಾಣಿ ಮೊಟ್ಟೆಯಿಟ್ಟ ಕೂಡಲೇ ಬಾಯಿ ಮುಚ್ಚಿಬಿಡುತ್ತಾರೆ. ಶತ್ರು ಬಂದರೆ ಕಚ್ಚುವುದು, ಕೂದಲೊಳಗೆ ನುಗ್ಗುವುದು, ಅಂಟು ಮೆತ್ತುವುದು ಇವುಗಳ ಯುದ್ಧನೀತಿ.

ಇವು ಪಾಲಾಗುವ ರೀತಿಯಂತೂ ಚರಿತ್ರೆಗೆ ಬಹಳ ಮುಖ್ಯವಾದದ್ದು. ತುಡುವೆಯಲ್ಲಿ ಹಳೆಯ ರಾಣಿ ಅರ್ಧ ಸೈನ್ಯದೊಡನೆ ಗೂಡು ಬಿಟ್ಟು ಹಾರುತ್ತಾಳೆ. ಮಿಸ್ರಿಯಲ್ಲಿ ಹಳೆಯ ರಾಣಿಗೆ ಹೊಟ್ಟೆ ಬೆಳೆದು ಹಾರುವ ಶಕ್ತಿಯೇ ಇರುವುದಿಲ್ಲ; ಹೊಸ ಮನೆಗೆ ಹೋಗುವುದು ಮಗಳು. ಅದಕ್ಕೂ ಮುನ್ನ ಕೆಲಸಗಾರ್ತಿಯರು ತಕ್ಕ ಪೊಳ್ಳೊಂದನ್ನು ಹುಡುಕಿ, ತಾಯಿ ಗೂಡಿನಿಂದ ಮೇಣ, ಅಂಟು, ಜೇನನ್ನು ದಿನಗಟ್ಟಲೆ ಹೊತ್ತು ಸಾಗಿಸುತ್ತಾರೆ. ಮಗಳು ಹೋಗಿ ನೆಲೆಸಿದ ಮೇಲೂ ಕೆಲಕಾಲ ತವರಿನಿಂದ ಬುತ್ತಿ ಬರುತ್ತಲೇ ಇರುತ್ತದೆ. ಆದ್ದರಿಂದ ಹೊಸ ಮನೆ ತವರಿಗೆ ಹತ್ತಿರವೇ ಇರಬೇಕು. ಈ ಜೇನು ಒಂದು ಊರಿನಿಂದ ಅಳಿದರೆ ದೂರದಿಂದ ಹಾರಿಬಂದು ಮತ್ತೆ ನೆಲೆಯೂರುವುದು ಸುಲಭವಲ್ಲ ಎಂಬುದನ್ನು ಓದುಗರು ಇಲ್ಲಿಯೇ ಗಮನದಲ್ಲಿಟ್ಟುಕೊಳ್ಳಬೇಕು.

ಮಾಯಾ ನಾಡಿನ ಒಡತಿ

ಯುರೋಪಿನವರು ಕಾಲಿಡುವ ಮುನ್ನ ಅಮೆರಿಕ ಖಂಡಗಳಲ್ಲಿ ತುಡುವೆ, ಹೆಜ್ಜೇನಿನಂಥ ಕುಟುಕುವ ಜೇನು ಇರಲಿಲ್ಲ. ಜೇನೆಂದರೆ ಅಲ್ಲಿ ಕುಟುಕದ ಜೇನೇ. ಮೆಕ್ಸಿಕೊದ ಆಗ್ನೇಯದ ಯುಕಾಟಾನ್ ಪರ್ಯಾಯ ದ್ವೀಪದ ಮಾಯಾ ಜನರು ಅವುಗಳಲ್ಲೊಂದನ್ನು ಆರಿಸಿ ಮನೆಯ ಹಿತ್ತಿಲಿಗೆ ತಂದರು. ವಿಜ್ಞಾನಿಗಳು ಅದನ್ನು ‘ಮೆಲಿಪೋನಾ ಬೀಚೆಯಿ’ ಎನ್ನುತ್ತಾರೆ. ಮಾಯಾ ಭಾಷೆಯಲ್ಲಿ ಅದು ‘ಶುನಾನ್ ಕಾಬ್’. ಒಡತಿ ಜೇನು ಎಂದು ಹೇಳಬಹುದು. ಗಾತ್ರದಲ್ಲಿ ನಮ್ಮ ಮಿಸ್ರಿಗಿಂತ ಬಹಳ ದೊಡ್ಡದು, ಸುಮಾರಾಗಿ ತುಡುವೆಯಷ್ಟಿರುತ್ತದೆ.

ಅದನ್ನು ಸಾಕುವ ವಿಧಾನ ಸರಳ. ಪೊಳ್ಳಾದ ಮರದ ತುಂಡೊಂದನ್ನು ಅಡ್ಡಲಾಗಿ ಇಡುವುದು, ಎರಡು ತುದಿಗೂ ಕಲ್ಲಿನ ಇಲ್ಲವೇ ಮರದ ಬಿಲ್ಲೆ ಕೊಟ್ಟು ಮಣ್ಣು ಮೆತ್ತುವುದು, ನಡುವೆ ಜೇನಿನ ಓಡಾಟಕ್ಕೆ ಒಂದು ತೂತು ಬಿಡುವುದು. ಇಂಥ ದಿಮ್ಮಿಗಳನ್ನು ಹುಲ್ಲು ಛಾವಣಿಯ ಚಪ್ಪರದ ಕೆಳಗೆ ಸಾಲಾಗಿ ಜೋಡಿಸುತ್ತಿದ್ದರು. ಜೇನು ಬೇಕಾದಾಗ ಬಿಲ್ಲೆ ತೆಗೆದು, ತುದಿಯಲ್ಲಿರುವ ಕುಡಿಕೆಗಳನ್ನು ಚುಚ್ಚಿ ರಸವನ್ನು ಪಾತ್ರೆಗೆ ಇಳಿಸಿಕೊಂಡು ಮತ್ತೆ ಮುಚ್ಚುವುದು. ನಡುಭಾಗದ ಮರಿಗಳಿಗೆ ಕೈ ಹಚ್ಚುವಂತಿಲ್ಲ. ಮರದ ದಿಮ್ಮಿಗಳು ಕಾಲಕ್ರಮದಲ್ಲಿ ಮಣ್ಣಾದರೂ ಸುಣ್ಣಕಲ್ಲಿನ ಬಿಲ್ಲೆಗಳು ಉಳಿದಿವೆ. ಕೊಝುಮೆಲ್ ದ್ವೀಪದಲ್ಲಿ ಪುರಾತತ್ವಜ್ಞರಿಗೆ ಇಂಥ ಬಿಲ್ಲೆಗಳು ದೊರೆತಿವೆ.

ಮಾಯಾ ಲಿಪಿಯ ಗ್ರಂಥಗಳಲ್ಲಿ ಇಂದು ಬೆರಳೆಣಿಕೆಯಷ್ಟೇ ಉಳಿದಿವೆ. ಅವುಗಳಲ್ಲೊಂದು ಸ್ಪೇನಿನ ಮ್ಯಾಡ್ರಿಡ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ 103ರಿಂದ 112ನೆಯ ಪುಟದವರೆಗೆ ಜೇನಿನದೇ ಪ್ರಸಂಗ. ಯಾವ ದಿನ ಜೇನಿನ ಕೆಲಸಕ್ಕೆ ಒಳ್ಳೆಯದು, ಯಾವ ದಿನ ಯಾವ ದೇವರಿಗೆ ಏನು ಅರ್ಪಿಸಬೇಕು ಎಂಬ ಲೆಕ್ಕ ಚಿತ್ರಗಳ ಸಮೇತ ಅಲ್ಲಿದೆ. ನಮ್ಮ ಪಂಚಾಂಗದಲ್ಲಿ ಬಿತ್ತನೆಗೆ, ಗೃಹಪ್ರವೇಶಕ್ಕೆ ದಿನ ನೋಡುವಂತೆ ಅವರು ಜೇನಿಗೆ ದಿನ ನೋಡುತ್ತಿದ್ದರು.

ಈ ಪದ್ಧತಿಯ ವಿವರ ಹೊರಜಗತ್ತಿಗೆ ತಿಳಿದದ್ದು ಮುಖ್ಯವಾಗಿ ಡಿಯಾಗೊ ಡಿ ಲಾಂಡಾ ಎಂಬ ಕ್ರೈಸ್ತ ಪಾದ್ರಿಯ ಬರಹದಿಂದ. 1566ರ ಸುಮಾರಿಗೆ ಅವನು ಬರೆದ ವೃತ್ತಾಂತದಲ್ಲಿ ಜೇನು ಸಾಕುವವರು ವರ್ಷಕ್ಕೆ ಎರಡು ಹಬ್ಬ ಮಾಡುತ್ತಿದ್ದರೆಂಬ ಉಲ್ಲೇಖವಿದೆ. ಒಂದು, ಹೋಬ್ನಿಲ್ ಎಂಬ ದೇವತೆಗೆ. ಇನ್ನೊಂದು, ಜೇನಿಗೆ ಹೂ ಕೊಡಿರೆಂದು ದೇವರುಗಳನ್ನು ಬೇಡಿಕೊಳ್ಳಲು. ಈ ಎರಡನೆಯ ಹಬ್ಬ ನಿಂತು ಯೋಚಿಸುವಂಥದ್ದು. ಆ ಜನ ಬೇಡಿದ್ದು ಜೇನನ್ನಲ್ಲ, ಹೂವನ್ನು. ಹೂವಿದ್ದರೆ ಜೇನು ತಾನಾಗಿ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ವಿಪರ್ಯಾಸವೆಂದರೆ ಇದನ್ನು ಬರೆದಿಟ್ಟ ಲಾಂಡಾನೇ 1562ರಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಗ್ರಂಥಗಳನ್ನು ರಾಶಿ ಹಾಕಿ ಸುಡಿಸಿದವನು. ಎಷ್ಟು ಜೇನಿನ ಪುಟಗಳು ಆ ಬೆಂಕಿಗೆ ಹೋದವೋ ಬಲ್ಲವರಿಲ್ಲ.

ಕಂದಾಯವಾದ ಮೇಣ

ಸ್ಪೇನಿನ ಆಳ್ವಿಕೆಯಲ್ಲಿ ಜೇನುಸಾಕಣೆ ನಿಂತುಹೋಗಲಿಲ್ಲ, ಬದಲಿಗೆ ಹೊರೆಯಾಯಿತು. ಯುಕಾಟಾನಿನಲ್ಲಿ ಚಿನ್ನ, ಬೆಳ್ಳಿಯ ಗಣಿಗಳಿರಲಿಲ್ಲ. ಹಾಗಾಗಿ ಹತ್ತಿಬಟ್ಟೆ ಮತ್ತು ಮೇಣವೇ ಅಲ್ಲಿನ ಹಳ್ಳಿಗಳ ಮುಖ್ಯ ಕಪ್ಪಕಾಣಿಕೆಗಳಾದವು. ಚರ್ಚುಗಳ ಮೇಣದಬತ್ತಿಗೆ ಮೇಣ ಎಷ್ಟಿದ್ದರೂ ಸಾಲದು. ಹಿತ್ತಿಲಿನ ದಿಮ್ಮಿಗಳಿಂದ ಬಂದದ್ದು ಸಾಕಾಗದೆ ಕಾಡಿನ ಗೂಡುಗಳಿಗೂ ಜನ ಅಲೆಯಬೇಕಾಯಿತು.

ಆದರೂ ಶುನಾನ್ ಕಾಬ್ ಉಳಿಯಿತು. ಅದರ ನಿಜವಾದ ಕಷ್ಟ ಆರಂಭವಾದದ್ದು ಯುರೋಪಿನ ಜೇನುಪೆಟ್ಟಿಗೆ ಯುಕಾಟಾನಿಗೆ ಬಂದ ಮೇಲೆ, 20ನೆಯ ಶತಮಾನದಲ್ಲಿ. ಮಾಯಾ ಜೇನಿನ ದಿಮ್ಮಿ ವರ್ಷಕ್ಕೆ ಒಂದೆರಡು ಕಿಲೋ ಕೊಟ್ಟರೆ ಯುರೋಪಿನ ಜೇನು ಅದರ ಹತ್ತಾರು ಪಟ್ಟು ಕೊಡುತ್ತಿತ್ತು. ರಫ್ತಿನ ಹಣ ಹಳ್ಳಿಗೆ ಬಂತು. ಹಿತ್ತಿಲಿನ ದಿಮ್ಮಿ ಅಜ್ಜ ಅಜ್ಜಿಯರ ಪಾಲಿಗೆ ಉಳಿಯಿತು.

ಇದರ ಮೇಲೆ ಇನ್ನೊಂದು ಹೊಡೆತ. 1956ರಲ್ಲಿ ವಾರ್ವಿಕ್ ಕೆರ್ ಎಂಬ ಬ್ರೆಜಿಲಿನ ವಿಜ್ಞಾನಿ ಹೆಚ್ಚು ಇಳುವರಿಯ ತಳಿ ಬೆಳೆಸಲೆಂದು ಆಫ್ರಿಕದ ಜೇನನ್ನು ತರಿಸಿದರು. ಮರುವರ್ಷ ಅವುಗಳಲ್ಲಿ ಕೆಲವು ಕುಟುಂಬಗಳು ತಪ್ಪಿಸಿಕೊಂಡವು. ಯುರೋಪಿನ ಜೇನಿನೊಡನೆ ಬೆರೆತು, ವರ್ಷದಿಂದ ವರ್ಷಕ್ಕೆ ಉತ್ತರಕ್ಕೆ ಸರಿಯುತ್ತ 1986ರಲ್ಲಿ ಮೆಕ್ಸಿಕೊ ಮುಟ್ಟಿದವು. ಇದೇ ಕೆರ್ ಕುಟುಕದ ಜೇನಿನ ದೊಡ್ಡ ತಜ್ಞರೂ ಆಗಿದ್ದರು. ಮೆಲಿಪೋನಾ ರಾಣಿ ಹುಟ್ಟುವುದರ ಹಿಂದಿನ ಅನುವಂಶೀಯತೆಯ ಬಗ್ಗೆ 1950ರಲ್ಲೇ ಪ್ರಬಂಧ ಬರೆದವರು. ಚರಿತ್ರೆ ಕೆಲವೊಮ್ಮೆ ಹೀಗೂ ಆಡುತ್ತದೆ.

ಕಾಡು ಕಡಿದು ಮರದ ಪೊಳ್ಳುಗಳು ಇಲ್ಲವಾದವು. ಹೂವಿಗೆ ಪೈಪೋಟಿ ಹೆಚ್ಚಿತು. ಗೂಡನ್ನು ಪಾಲು ಮಾಡುವ ವಿದ್ಯೆ ಬಲ್ಲ ಹಿರಿಯರು ತೀರಿಕೊಂಡರು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಕ್ವಿಂಟಾನ ರೂ ರಾಜ್ಯದ ಮಾಯಾ ಪ್ರದೇಶದಲ್ಲಿ ಕಾಲು ಶತಮಾನದ ಅವಧಿಯಲ್ಲಿ ಈ ಜೇನಿನ ಗೂಡುಗಳು ಶೇಕಡ 93ರಷ್ಟು ಕಡಿಮೆಯಾಗಿದ್ದವು. ಶತಮಾನಗಳ ಕಾಲ ದೇವರು, ಹಬ್ಬ, ಗ್ರಂಥಗಳ ಆಸರೆಯಲ್ಲಿ ಬಾಳಿದ್ದ ಜೇನು ಒಂದೇ ತಲೆಮಾರಿನಲ್ಲಿ ಅಳಿವಿನ ಅಂಚಿಗೆ ಬಂದು ನಿಂತಿತು.

ಈಗ ಅಲ್ಲಿ ಕಾಣುವ ಜೇನುವನಗಳು ಈ ನಷ್ಟದ ಮೇಲೆ ಕಟ್ಟಿದವು. ಚಪ್ಪರ, ದಿಮ್ಮಿ, ಸುತ್ತ ಸ್ಥಳೀಯ ಹೂಗಿಡಗಳ ತೋಟ, ಜೇನು ತೆಗೆಯುವ ದಿನದ ಪೂಜೆ, ಇವೆಲ್ಲವನ್ನೂ ನೋಡುಗರಿಗೆ ತೋರಿಸುತ್ತಾರೆ. ಪ್ರದರ್ಶನದ ಆಚೆಗೂ ಕೆಲಸ ನಡೆದಿದೆ. ಕಂಪೆಚೆ ರಾಜ್ಯದ ಹೊಪೆಲ್ಚೆನಿನ ಲೇಡಿ ಪೆಚ್ ಎಂಬ ಮಾಯಾ ಮಹಿಳೆ ಇದೇ ಜೇನನ್ನು ಸಾಕುವವರು. 2012ರಲ್ಲಿ ಅಲ್ಲಿ ಕುಲಾಂತರಿ ಸೋಯಾ ಬೆಳೆಯಲು ಮಾನ್ಸಾಂಟೊ ಕಂಪೆನಿಗೆ ಪರವಾನಗಿ ಸಿಕ್ಕಾಗ ಅವರು ಜೇನುಸಾಕಣೆಗಾರರನ್ನು ಒಗ್ಗೂಡಿಸಿ ನ್ಯಾಯಾಲಯಕ್ಕೆ ಹೋದರು. ಮೂಲನಿವಾಸಿಗಳನ್ನು ಕೇಳಬೇಕೆಂದು 2015ರಲ್ಲಿ ಮೆಕ್ಸಿಕೊದ ಸರ್ವೋಚ್ಚ ನ್ಯಾಯಾಲಯ ಹೇಳಿತು; 2017ರಲ್ಲಿ ಪರವಾನಗಿ ರದ್ದಾಯಿತು. ಪೆಚ್ ಅವರಿಗೆ 2020ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಹೂವಿಗಾಗಿ ಹಬ್ಬ ಮಾಡುತ್ತಿದ್ದವರ ಮೊಮ್ಮಕ್ಕಳು ಹೂವಿಗಾಗಿ ಮೊಕದ್ದಮೆ ಹೂಡಿದರೆಂದು ಇದನ್ನು ಹೇಳಬಹುದು.

ನಮ್ಮ ಗ್ರಂಥಗಳಲ್ಲಿ ಎಲ್ಲಿದೆ?

ಇನ್ನು ನಮ್ಮ ಕಡೆಗೆ ಬರೋಣ. ಜೇನು ನಮಗೆ ಹೊಸದಲ್ಲ. ಪಂಚಾಮೃತಕ್ಕೆ ಜೇನು ಬೇಕು, ಔಷಧದ ಅನುಪಾನಕ್ಕೆ ಬೇಕು. ಚರಕ ಸಂಹಿತೆ ನಾಲ್ಕು ಬಗೆಯ ಜೇನನ್ನು ಹೇಳಿದರೆ ಸುಶ್ರುತ ಸಂಹಿತೆ ಎಂಟನ್ನು ಹೇಳುತ್ತದೆ. ಮಾಕ್ಷಿಕ, ಭ್ರಾಮರ, ಕ್ಷೌದ್ರ, ಪೌತ್ತಿಕ, ಛಾತ್ರ, ಆರ್ಘ್ಯ, ಔದ್ದಾಲಕ, ದಾಲ ಎಂಬವು ಆ ಎಂಟು. ಇವುಗಳಲ್ಲಿ ಕ್ಷೌದ್ರವೆಂದರೆ ಸಣ್ಣ ನೊಣದ ಜೇನು. ಔದ್ದಾಲಕವೆಂದರೆ ಹುತ್ತದೊಳಗೆ ಇರುವ ಸಣ್ಣ ಹುಳುಗಳದು. ಮಿಸ್ರಿ ಜೇನು ಹುತ್ತದಲ್ಲೂ ಗೂಡು ಮಾಡುವುದುಂಟು. ಹಾಗಾಗಿ ಈ ವರ್ಣನೆ ಅದಕ್ಕೆ ಹೊಂದುತ್ತದೆ. ಆದರೆ ವೈದ್ಯರ ಗಮನವಿದ್ದದ್ದು ಜೇನಿನ ಗುಣದ ಮೇಲೆ, ಜೇನಿನ ಹುಳುವಿನ ಮೇಲಲ್ಲ.

ಮೇಣದ ಕಥೆಯೂ ಹಾಗೆಯೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೋಹದ ಮೂರ್ತಿ ಎರಕ ಹೊಯ್ಯುವ ವಿವರವಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಮಧ್ಯ ಅಮೆರಿಕದ ಲೋಹಕಾರರು ಇದೇ ವಿಧಾನದಿಂದ ತಾಮ್ರದ ಸಣ್ಣ ಗಂಟೆಗಳನ್ನು ಎರಕ ಹೊಯ್ದರು. ಅವರ ಮೇಣ ಕುಟುಕದ ಜೇನಿನದು, ಏಕೆಂದರೆ ಅವರಲ್ಲಿ ಬೇರೆ ಜೇನೇ ಇರಲಿಲ್ಲ. ನಮ್ಮ ಶಿಲ್ಪಿಗಳಿಗೆ ಹೆಜ್ಜೇನಿನ ಮೇಣ ಧಾರಾಳವಾಗಿ ದೊರೆಯುತ್ತಿತ್ತು. ಮಿಸ್ರಿಯ ಗೂಡನ್ನು ಹುಡುಕಿ ಹೋಗುವ ಅಗತ್ಯ ಅವರಿಗೆ ಬೀಳಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಮಾಯಾ ಜನರಿಗೆ ಕುಟುಕದ ಜೇನು ಬಿಟ್ಟರೆ ಬೇರೆ ಗತಿ ಇರಲಿಲ್ಲ. ನಮಗೆ ಬಂಡೆಯ ಮೇಲೆ ಹೆಜ್ಜೇನು, ಮರದ ಪೊಟರೆಯಲ್ಲಿ ತುಡುವೆ, ಪೊದೆಯಲ್ಲಿ ಕೋಲುಜೇನು ಇದ್ದವು. ಜೇನು ಕುರುಬರಂಥ ಸಮುದಾಯದ ಹೆಸರಿನಲ್ಲೇ ಜೇನಿದೆ. ರಾತ್ರಿ ಹೊತ್ತು ಹೆಮ್ಮರ ಹತ್ತಿ ಹೆಜ್ಜೇನು ಇಳಿಸುವ ಅವರ ಸಾಹಸ ಪ್ರಸಿದ್ಧ. ಆ ಸಾಹಸದ ಎದುರು ಗೋಡೆಯ ಸಂದಿಯಿಂದ ನಾಲ್ಕು ಚಮಚ ಜೇನು ತೆಗೆಯುವುದು ಹೇಳಿಕೊಳ್ಳುವ ಕೆಲಸವಾಗಲಿಲ್ಲ.

ನಮ್ಮಲ್ಲಿ ದುಂಬಿ ರೂಪದ ದೇವಿ ಇಲ್ಲವೆಂದಲ್ಲ. ದಕ್ಷಿಣ ಕನ್ನಡದ ಕಟೀಲಿನ ಸ್ಥಳಪುರಾಣದಲ್ಲಿ ದೇವಿ ಭ್ರಮರ ರೂಪ ತಾಳಿ ಅರುಣಾಸುರನನ್ನು ಕೊಲ್ಲುತ್ತಾಳೆ. ಆದರೆ ಆ ದೇವಿಯ ಆಯುಧ ಕುಟುಕು. ನಾವು ಕೈಮುಗಿದದ್ದು ಕುಟುಕುವ ಶಕ್ತಿಗೆ. ಕುಟುಕದ ಜೇನು ಅದೇ ಸೀಮೆಯ ಮನೆಗಳ ಸೂರಿನ ಕೆಳಗೆ, ಹಳೆಯ ಮಡಕೆಯಲ್ಲೋ ಬಿದಿರಿನ ಅಂಡೆಯಲ್ಲೋ ತೆಂಗಿನ ಗೆರಟೆಯಲ್ಲೋ ಸದ್ದಿಲ್ಲದೆ ಬಾಳಿತು. ಕೆಮ್ಮಿಗೆ, ಬಾಯಿಹುಣ್ಣಿಗೆ ಬೇಕಾದಾಗ ಮನೆಯವರು ಅದರಿಂದ ಸ್ವಲ್ಪ ತೆಗೆದುಕೊಂಡರು. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ರೂಢಿಯೂ ಇತ್ತು. ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನನ್ನೂ ಕೊಡಬಾರದೆಂದು ವೈದ್ಯರು ಈಗ ಹೇಳುತ್ತಾರೆ. ಹೀಗೆ ಈ ಜೇನು ನಮ್ಮಲ್ಲಿ ಮನೆವಾರ್ತೆಯ ಭಾಗವಾಯಿತೇ ಹೊರತು ಮತಾಚಾರದ ಭಾಗವಾಗಲಿಲ್ಲ. ಮನೆವಾರ್ತೆಯನ್ನು ಯಾರೂ ಬರೆದಿಡುವುದಿಲ್ಲ.

ಪೆಟ್ಟಿಗೆಗೆ ಹೊಂದದ ಜೇನು

ದಕ್ಷಿಣ ಭಾರತಕ್ಕೆ ಆಧುನಿಕ ಜೇನುಪೆಟ್ಟಿಗೆಯನ್ನು ತಂದ ಕೀರ್ತಿ ನ್ಯೂಟನ್ ಎಂಬ ಪಾದ್ರಿಗೆ ಸಲ್ಲುತ್ತದೆ. 1911ರಿಂದ 1917ರ ಅವಧಿಯಲ್ಲಿ ಅವರು ಹಳ್ಳಿಯವರಿಗೆ ತರಬೇತಿ ಕೊಟ್ಟರು. ನಮ್ಮ ತುಡುವೆಯ ಅಳತೆಗೆ ತಕ್ಕಂತೆ ಅವರು ರೂಪಿಸಿದ ಚಿಕ್ಕ ಪೆಟ್ಟಿಗೆ ಇಂದಿಗೂ ‘ನ್ಯೂಟನ್ ಪೆಟ್ಟಿಗೆ’ ಎಂದೇ ಹೆಸರಾಗಿದೆ. 1936ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಕೊಡಗಿನ ಜೇನು ನಾಡಿನಾದ್ಯಂತ ಮನೆಮಾತಾಯಿತು. 1962ರಲ್ಲಿ ಪುಣೆಯಲ್ಲಿ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ ಆರಂಭವಾಯಿತು.

ಈ ಎಲ್ಲ ಪ್ರಗತಿಯ ತಳಹದಿ ಚೌಕಟ್ಟು. ಎರಿಯನ್ನು ಚೌಕಟ್ಟಿನಲ್ಲಿ ಕಟ್ಟಿಸಿ, ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದು, ಎರಿಯನ್ನು ಮತ್ತೆ ವಾಪಸು ಕೊಡುವುದು. ಎರಿಯನ್ನೇ ಕಟ್ಟದ ಮಿಸ್ರಿಗೆ ಚೌಕಟ್ಟು ಹೊಂದುವುದಿಲ್ಲ. ವರ್ಷಕ್ಕೆ ಒಂದು ಗೂಡಿನಿಂದ ಅರ್ಧ ಕಿಲೋ ಸಿಕ್ಕಿದರೆ ಹೆಚ್ಚು. ಕಿಲೋಗಟ್ಟಲೆ ಕೊಡುವ ತುಡುವೆಯ ಮುಂದೆ ಇದು ಲೆಕ್ಕಕ್ಕೆ ಬರಲಿಲ್ಲ. ಸಹಕಾರ ಸಂಘಗಳ ಯುಗದಲ್ಲಿ ಇದು ಹೊರಗೇ ಉಳಿಯಿತು.

ಇತ್ತ ಉತ್ತರ ಬೆಂಗಳೂರಿನ ಚರಿತ್ರೆಯೂ ಇದಕ್ಕೆ ಹೆಣೆದುಕೊಂಡಿದೆ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕಾಗಿ ಕೊಟ್ಟರು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಪರಿಹಾರ ತೋರಿಸಿ ಮಲೆನಾಡಿಗೆ ಉಪಕಾರ ಮಾಡಿದ ಮಹನೀಯರು ಅವರು. ಅಂದಿನ ಕೃಷಿ ಇಲಾಖೆಗೆ ಕೀಟವೆಂದರೆ ಮುಖ್ಯವಾಗಿ ಬೆಳೆಯ ಶತ್ರು. ಅದೇ ಹೆಬ್ಬಾಳದಲ್ಲಿ ಇಂದು ಒಂದು ರಾಷ್ಟ್ರೀಯ ಸಂಸ್ಥೆ ಇದೆ. 2014ರಿಂದ ಅದರ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ. ಬಾಧೆಯಾಗಿದ್ದದ್ದು ಸಂಪನ್ಮೂಲವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಈ ಬದಲಾವಣೆಗೆ ಒಂದು ದುರಂತವೂ ಕಾರಣ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಗಳು ಚೀಲದಂತಾಗಿ ಕೋಶದಲ್ಲೇ ಸತ್ತವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಸಾಲುಸಾಲು ಪೆಟ್ಟಿಗೆಗಳು ಖಾಲಿಯಾದವು. ದಶಕಗಳ ಶ್ರಮ ಒಂದೆರಡು ವರ್ಷದಲ್ಲಿ ಮಣ್ಣುಪಾಲಾಯಿತು. ಒಂದೇ ಜೇನನ್ನು ನೆಚ್ಚಿ ಕುಳಿತುಕೊಳ್ಳುವುದು ಎಷ್ಟು ಅಪಾಯವೆಂಬುದನ್ನು ಆ ವರ್ಷಗಳು ಕಲಿಸಿದವು. ತುಡುವೆ ಮುಂದೆ ನಿಧಾನವಾಗಿ ಚೇತರಿಸಿಕೊಂಡಿತು. ಅಷ್ಟರಲ್ಲಿ ಸೂರಿನ ಕೆಳಗಿನ ಮುಜಂಟಿಯ ಕಡೆಗೂ ಜನರ ಕಣ್ಣು ಹೊರಳಿತ್ತು.

ಗೋಡೆ ಒಡೆಯದೆ

ಇಂದು ಮುಜಂಟಿ ಜೇನಿಗೆ ಮಾಮೂಲಿ ಜೇನಿನ ಹಲವು ಪಟ್ಟು ಬೆಲೆ ಇದೆ. ತೆಳ್ಳಗೆ, ಸಿಹಿಯೊಡನೆ ತುಸು ಹುಳಿ ಬೆರೆತ ರುಚಿ ಅದರದು. ನೀರಿನಂಶ ಹೆಚ್ಚಿರುವುದರಿಂದ ಬೇಗ ಹುದುಗುತ್ತದೆ. ಮಲೇಷ್ಯ, ಆಸ್ಟ್ರೇಲಿಯ ಮುಂತಾದ ಕಡೆಯ ಕುಟುಕದ ಜೇನಿನಲ್ಲಿ ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ಹೇರಳವಾಗಿದೆ ಎಂದು 2020ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅದು ರಕ್ತಕ್ಕೆ ನಿಧಾನವಾಗಿ ಸೇರುವಂಥ ಸಕ್ಕರೆ. ಬೇಡಿಕೆಗೆ ಇದೂ ಇಂಬು ಕೊಟ್ಟಿದೆ.

ಬೆಲೆ ಬಂದಲ್ಲಿ ದುರಾಸೆಯೂ ಬರುತ್ತದೆ. ಗೂಡು ಸಿಕ್ಕಲ್ಲಿ ಗೋಡೆ ಒಡೆದು, ಮರ ಸೀಳಿ ಜೇನು ತೆಗೆದರೆ ಆ ಕುಟುಂಬ ಉಳಿಯುವುದಿಲ್ಲ. ಹಾರಲಾರದ ರಾಣಿ ಅವಶೇಷದೊಡನೆ ಇರುವೆಗಳ ಪಾಲಾಗುತ್ತಾಳೆ. ತವರೇ ಇಲ್ಲವಾದ ಮೇಲೆ ಮಗಳಿಗೆ ಬುತ್ತಿ ಕಟ್ಟುವವರಾರು? ಮರೆವಿನಲ್ಲಿ ಬದುಕಿದ್ದ ಜೇನು ಮನ್ನಣೆಯಿಂದಲೇ ಅಳಿಯುವ ಅಪಾಯ ಹೀಗೆ ಹುಟ್ಟುತ್ತದೆ.

ಇದಕ್ಕೆ ಉಪಾಯ ಇಲ್ಲದಿಲ್ಲ. ಗೋಡೆಯ ಗೂಡಿನ ಬಾಯಿಗೆ ಒಂದು ಸಣ್ಣ ಕೊಳವೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಖಾಲಿ ಮರದ ಪೆಟ್ಟಿಗೆಗೆ ಕೂಡಿಸುತ್ತಾರೆ. ಪೆಟ್ಟಿಗೆಯ ಆಚೆ ಬದಿಗೆ ಒಂದು ತೂತು. ಹುಳುಗಳು ಹೊರಹೋಗಲು, ಒಳಬರಲು ಪೆಟ್ಟಿಗೆಯನ್ನು ದಾಟಲೇಬೇಕು. ಕೆಲವು ತಿಂಗಳಲ್ಲಿ ಅವು ಪೆಟ್ಟಿಗೆಯನ್ನು ತಮ್ಮ ಮನೆಯ ಹೊಸ ಕೋಣೆಯೆಂದು ಭಾವಿಸಿ ಅಲ್ಲೂ ಕುಡಿಕೆ ಕಟ್ಟುತ್ತವೆ. ಅಲ್ಲಿ ಹೊಸ ರಾಣಿ ನೆಲೆಸಿ ಮೊಟ್ಟೆಯಿಡತೊಡಗಿದ ಮೇಲೆ ಕೊಳವೆ ಕಳಚಿದರೆ ಗೋಡೆಯಲ್ಲಿ ತಾಯಿ, ಪೆಟ್ಟಿಗೆಯಲ್ಲಿ ಮಗಳು. ತಾಳ್ಮೆಯೊಂದಿದ್ದರೆ ಸುತ್ತಿಗೆ ಬೇಕಿಲ್ಲ. ಜಾಲಹಳ್ಳಿಗೆ ದೂರವಲ್ಲದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಜೇನುಕೃಷಿಯನ್ನು ಕಲಿಸುತ್ತದೆ. ಆಸಕ್ತರು ಅಲ್ಲಿ ವಿಚಾರಿಸಬಹುದು.

ನಗರದಲ್ಲಿ ಇನ್ನೊಂದು ಪ್ರಶ್ನೆ ಇದೆ, ಜಾಗದ್ದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಗೆ ಬಂದಾಗ ಕಾರ್ಖಾನೆಗಳ ಜೊತೆಗೆ ವಸತಿ ಬಡಾವಣೆಗಳೂ, ಸಾಲುಮರಗಳೂ ಬಂದವು. ಆ ಮರಗಳು ಈಗ ಮುದಿಯಾಗಿ ಪೊಟರೆ ಬಿಡುವ ವಯಸ್ಸು ಮುಟ್ಟಿವೆ; ಜೇನಿಗೆ ಮನೆಯಾಗುವ ವಯಸ್ಸೂ ಅದೇ. ಅದೇ ಹೊತ್ತಿಗೆ ರಸ್ತೆ ಅಗಲಗೊಳಿಸಲು, ಅಪಾರ್ಟ್‌ಮೆಂಟ್ ಕಟ್ಟಲು ಕೊಡಲಿ ಬೀಳುವುದೂ ಇಂಥ ಮರಗಳಿಗೇ. ಹಳೆಯ ಕಲ್ಲುಗೋಡೆ ಹೋಗಿ ಬರುವ ಕಾಂಕ್ರೀಟ್ ಗೋಡೆಯಲ್ಲಿ ಸಂದಿಯೇ ಇರುವುದಿಲ್ಲ. ಕೆಲವು ನೂರು ಮೀಟರಿನ ಸುತ್ತಳತೆಯಲ್ಲಿ ಬದುಕು ಸಾಗಿಸುವ ಈ ಹುಳುವಿಗೆ ಒಂದು ಬೀದಿಯ ಮರ, ಒಂದು ಹಿತ್ತಿಲಿನ ಹೂವು ಹೋದರೂ ದೊಡ್ಡ ನಷ್ಟ. ಅದು ಹೋದರೆ ನಷ್ಟ ಅದಕ್ಕೊಂದಕ್ಕೇ ಅಲ್ಲ. ಹಿತ್ತಿಲಿನ ಸೌತೆ, ತೆಂಗು, ಮಾವಿನ ಹೂವಿಗೆ ಬರುವ ಹುಳುಗಳಲ್ಲಿ ಇದೂ ಒಂದು.

ಮಾಯಾ ಸಂಪ್ರದಾಯದ ಜೇನುವನಗಳಂತೆ ಇಲ್ಲೂ ಒಂದು ಉದ್ಯಾನ ಬೇಕೆಂಬ ಮಾತು ಚೆನ್ನಾಗಿಯೇ ಇದೆ. ಆದರೆ ಆ ನಾಡಿನ ಚರಿತ್ರೆ ಹೇಳುವ ಪಾಠ ಬೇರೆ. ದೇವರು, ಗ್ರಂಥ, ಹಬ್ಬ ಎಲ್ಲ ಇದ್ದೂ ಅಲ್ಲಿ ಜೇನು ಸೋತದ್ದು ಮರದ ಪೊಳ್ಳು, ಸುತ್ತಲಿನ ಹೂವು, ಪಾಲು ಮಾಡುವ ಕೈ, ಈ ಮೂರು ಒಟ್ಟಿಗೆ ಇಲ್ಲವಾದಾಗ. ನಮ್ಮಲ್ಲಿ ದೇವರೂ ಗ್ರಂಥವೂ ಇಲ್ಲದೆ ಅದು ಇಷ್ಟು ಕಾಲ ಬಾಳಿದ್ದು ಆ ಮೂರೂ ತಕ್ಕಮಟ್ಟಿಗೆ ಉಳಿದಿದ್ದರಿಂದ. ಹೊಂಗೆಯೋ ನೇರಳೆಯೋ ಬೀದಿಯಲ್ಲಿ ನಿಂತಿರಲಿ. ಹಿತ್ತಿಲಲ್ಲಿ ತುಳಸಿ ಹೂ ಬಿಡಲಿ. ಮುಂದಿನ ಸಲ ಕಾಂಪೌಂಡಿಗೆ ಬಣ್ಣ ಹೊಡೆಸುವಾಗ ಆ ಕಂದು ಕೊಳವೆಯ ಸುತ್ತ ಒಂದು ಗೇಣು ಜಾಗ ಬಿಟ್ಟು ಬಳಿಯಿರೆಂದು ಕೆಲಸದವರಿಗೆ ಹೇಳಿದರೆ ಸಾಕು. ಅದಕ್ಕೆ ಸರ್ಕಾರದ ಯೋಜನೆಯೂ ಬೇಡ, ಖರ್ಚೂ ಇಲ್ಲ.